ದಾರಿ ಹೇಳುವ ಗಡಿಯಾರಗಳು

ಜಿಪಿಎಸ್ ಹಾಕಿದರೆ ಮೇಲಿರುವ ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದಕ್ಕೆ ನಾವಿರುವುದೇ ಗೊತ್ತಿಲ್ಲ. ರೇಡಿಯೋ ಕೇಂದ್ರದಂತೆ ತನ್ನ ಜಾಗವನ್ನೂ ಸಮಯವನ್ನೂ ಸಾರುತ್ತಿರುತ್ತದೆ, ಅಷ್ಟೇ. ಲೆಕ್ಕ ಹಾಕುವುದು ನಮ್ಮ ಕೈಯಲ್ಲಿರುವ ರಿಸೀವರ್.

ಇದರ ಬೇರು 1957ರಲ್ಲಿದೆ. ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಕಳಿಸುತ್ತಿದ್ದ ಸಂಕೇತವನ್ನು ಅಮೆರಿಕದ ವಿಲಿಯಂ ಗೈಯರ್, ಜಾರ್ಜ್ ವೈಫೆನ್‌ಬಾಕ್ ಆಲಿಸಿ, ಅದರ ಏರಿಳಿತದಿಂದಲೇ ಉಪಗ್ರಹದ ಕಕ್ಷೆ ಕಂಡುಹಿಡಿದರು. ಲೆಕ್ಕವನ್ನು ತಿರುಗಿಸಿದರೆ, ಉಪಗ್ರಹದ ಜಾಗ ಗೊತ್ತಿದ್ದವರಿಗೆ ತಾವಿರುವ ಜಾಗವೂ ಸಿಗುತ್ತದೆ. ಅಲ್ಲಿಂದ ಅಮೆರಿಕದ ನೌಕಾಪಡೆಯ ಟ್ರಾನ್ಸಿಟ್ ವ್ಯವಸ್ಥೆ ಬಂತು. 1978ರಲ್ಲಿ ಜಿಪಿಎಸ್‌ನ ಮೊದಲ ಉಪಗ್ರಹ ಮೇಲೇರಿತು.

ಜಿಪಿಎಸ್ ನಿಂತಿರುವುದು ಗಡಿಯಾರದ ಮೇಲೆ. ಸುಮಾರು 20,200 ಕಿ.ಮೀ. ಎತ್ತರದಿಂದ ಸಂಕೇತ ಬರಲು ಹಿಡಿದ ಸಮಯವೇ ದೂರದ ಅಳತೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರ 300 ಮೀಟರ್ ತಪ್ಪುತ್ತದೆ. ಅದಕ್ಕೇ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇರುತ್ತದೆ. ರಿಸೀವರ್‌ನ ಅಗ್ಗದ ಗಡಿಯಾರದ ತಪ್ಪು ತಿದ್ದಲು ಮೂರರ ಜೊತೆ ನಾಲ್ಕನೆಯ ಉಪಗ್ರಹವೂ ಬೇಕು.

ಗಡಿಯಾರ ಯಾರದೋ, ಹಿಡಿತವೂ ಅವರದೇ. ಸಾರ್ವಜನಿಕರಿಗೆ ಕೊಡುವ ಸಂಕೇತವನ್ನು ಅಮೆರಿಕ ಬೇಕೆಂದೇ ಮಬ್ಬು ಮಾಡಿತ್ತು. ಅದು ನಿಂತದ್ದು 2000ದ ಮೇ ತಿಂಗಳಲ್ಲಿ. ಭಾರತ 2013ರಿಂದ ತನ್ನದೇ ಉಪಗ್ರಹಗಳನ್ನು ಹಾರಿಸತೊಡಗಿತು. 2016ರಲ್ಲಿ ಆ ವ್ಯವಸ್ಥೆಗೆ ನಾವಿಕ್ ಎಂದು ಹೆಸರಾಯಿತು. ಅದರ ಸಮಯ, ಕಕ್ಷೆಗಳ ಮೇಲೆ ಕಣ್ಣಿಡುವ ಇಸ್ರೋ ಕೇಂದ್ರವೊಂದು ಬೆಂಗಳೂರು ಹತ್ತಿರದ ಬ್ಯಾಲಾಳುವಿನಲ್ಲಿದೆ. ಆದರೆ ಮೊದಲ ಉಪಗ್ರಹದಲ್ಲಿದ್ದ ಮೂರೂ ವಿದೇಶಿ ಗಡಿಯಾರಗಳು ಕೈಕೊಟ್ಟವು. ದೇಶದಲ್ಲೇ ತಯಾರಾದ ಗಡಿಯಾರ ಹೊತ್ತ ಎನ್‌ವಿಎಸ್-01 ಹಾರಿದ್ದು 2023ರ ಮೇ 29ರಂದು.

ರಿಸೀವರ್‌ಗಳೂ ಒಂದೇ ತರದವಲ್ಲ. ಮೊಬೈಲು, ಬಸ್ಸು ಲಾರಿಗಳ ಟ್ರ್ಯಾಕರ್ ಬಯಲಿನಲ್ಲಿ ಕೆಲವು ಮೀಟರ್ ಆಚೀಚೆ ತೋರಿಸುತ್ತವೆ. ದಟ್ಟ ಅಡಿಕೆ ತೋಟದೊಳಗೆ ಇನ್ನೂ ಹೆಚ್ಚು. ಸರ್ವೆಗೆ ಬಳಸುವ ರೋವರ್ ಬೇರೆ. ಗೊತ್ತಿರುವ ಜಾಗದಲ್ಲಿ ನಿಂತ ಇನ್ನೊಂದು ರಿಸೀವರ್ ಕಳಿಸುವ ತಿದ್ದುಪಡಿ ಪಡೆದು, ಕೆಲವೇ ಸೆಂಟಿಮೀಟರ್ ಒಳಗೆ ಜಾಗ ಹೇಳುತ್ತದೆ.

ಹೊಲಕ್ಕೆ ದಾರಿ ತೋರಲು ಮೊಬೈಲ್ ಸಾಕು. ಬದು ಎಲ್ಲಿ ಎಂಬ ತಗಾದೆಗೆ ಅದು ಸಾಕ್ಷಿಯಲ್ಲ. ಮೂವತ್ತು ಅಡಿ ಅಗಲದ ನಿವೇಶನದಲ್ಲಿ ಐದು ಮೀಟರ್ ತಪ್ಪೆಂದರೆ ಅರ್ಧ ನಿವೇಶನವೇ ಪಕ್ಕದವರದು! ಮೊಬೈಲ್ ನೋಡಿ ಕಲ್ಲು ಕೀಳುವ ಮೊದಲು ಸರ್ವೆಯರ್ ಕರೆಸಿ ಎಂಬುದು ನಮ್ಮ ಮಾತು.