ಹಳೆಯ ಆಫ್-ರೋಡ್ ವಾಹನಗಳಿಗೆ ಸ್ವತಂತ್ರ ಸಸ್ಪೆನ್ಷನ್ ಅಳವಡಿಕೆ

ಹಳೆಯ ಆಫ್-ರೋಡ್ ವಾಹನಗಳಿಗೆ ಸ್ವತಂತ್ರ ಸಸ್ಪೆನ್ಷನ್ ಅಳವಡಿಕೆ ಎಂಬುದು ಮೋಟಾರು ವಾಹನಗಳ ಒಂದು ಬಗೆಯ ಮಾರ್ಪಾಡು. ವಿಲ್ಲೀಸ್ ಜೀಪು, ಹಳೆಯ ಲ್ಯಾಂಡ್ ರೋವರ್, ಟೊಯೋಟಾ ಲ್ಯಾಂಡ್ ಕ್ರೂಸರ್ 40, ಮೊದಲ ತಲೆಮಾರಿನ ಫೋರ್ಡ್ ಬ್ರಾಂಕೊ ಮೊದಲಾದವು ಅಖಂಡ ಆಕ್ಸಲ್‌ಗಳ ಮೇಲೆ ನಿಂತ ವಾಹನಗಳು. ಆ ಆಕ್ಸಲ್‌ಗಳನ್ನು ಕಳಚಿ, ಪ್ರತಿಯೊಂದು ಚಕ್ರವೂ ತನ್ನ ಜೊತೆಯ ಚಕ್ರದ ಹಂಗಿಲ್ಲದೆ ಮೇಲೆ ಕೆಳಗೆ ಚಲಿಸುವ ವ್ಯವಸ್ಥೆಯನ್ನು ಅವುಗಳ ಜಾಗದಲ್ಲಿ ಜೋಡಿಸುವುದೇ ಈ ಮಾರ್ಪಾಡಿನ ಸ್ವರೂಪ. ಕೆಲವರು ಮುಂದಿನ ಚಕ್ರಗಳಿಗೆ ಮಾತ್ರ, ಕೆಲವರು ನಾಲ್ಕೂ ಚಕ್ರಗಳಿಗೆ ಇದನ್ನು ಮಾಡಿಸುತ್ತಾರೆ. ಡಾಂಬರು ರಸ್ತೆಯಲ್ಲಿ ಇದರಿಂದ ವಾಹನದ ನಡೆ ಸುಧಾರಿಸುತ್ತದೆ. ಆದರೆ ಬಂಡೆ, ಕೊರಕಲುಗಳ ದಾರಿಯಲ್ಲಿಯೂ ಅದು ಸುಧಾರಣೆಯೇ ಆಗುತ್ತದೆಂದು ಹೇಳಲಾಗದು.

ದಿನಪತ್ರಿಕೆಯ ಕನ್ನಡದಲ್ಲಿ ಸಸ್ಪೆನ್ಷನ್ ಎಂದರೆ ನೌಕರನ ಅಮಾನತು; ಗ್ಯಾರೇಜಿನಲ್ಲಿ ಅದೇ ಪದಕ್ಕೆ ವಾಹನದ ದೇಹವನ್ನು ಚಕ್ರಗಳ ಮೇಲೆ ತೂಗಿ ನಿಲ್ಲಿಸುವ ಸ್ಪ್ರಿಂಗು, ತೋಳು, ಶಾಕ್ ಅಬ್ಸಾರ್ಬರ್‌ಗಳ ಒಟ್ಟು ಏರ್ಪಾಡು ಎಂದರ್ಥ. ತೂಗುಹಾಕುವುದು ಎಂಬ ಮೂಲಾರ್ಥ ಎರಡಕ್ಕೂ ಸಮಾನ.

ಅಖಂಡ ಆಕ್ಸಲ್‌ನ ಗುಣದೋಷಗಳು

ಅಖಂಡ ಆಕ್ಸಲ್‌ನಲ್ಲಿ ಎಡಬಲದ ಚಕ್ರಗಳನ್ನು ಒಂದೇ ಉಕ್ಕಿನ ಕೊಳವೆ ಬಂಧಿಸಿರುತ್ತದೆ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಅನುವು ಮಾಡಿಕೊಡುವ ಡಿಫರೆನ್ಷಿಯಲ್ ಎಂಬ ಗಿಯರ್ ಗುಂಡು ಅದೇ ಕೊಳವೆಯ ನಡುವೆ ಕುಳಿತಿರುತ್ತದೆ. 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಇಂತಹ ಎರಡು ಆಕ್ಸಲ್‌ಗಳಿದ್ದು, ಅವು ಲೀಫ್ ಸ್ಪ್ರಿಂಗುಗಳ ಮೇಲೆ, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಮೇಲೆ ನಿಂತಿದ್ದವು. 1948ರಲ್ಲಿ ಬಂದ ಲ್ಯಾಂಡ್ ರೋವರ್ ಇದೇ ದಾರಿ ಹಿಡಿಯಿತು. ಭಾರತದಲ್ಲಿ ಮಹೀಂದ್ರಾ ಸಂಸ್ಥೆ ವಿಲ್ಲೀಸ್ ಪರವಾನಗಿಯಡಿ ತಯಾರಿಸಿದ ಜೀಪುಗಳೂ, 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಲೀಫ್ ಸ್ಪ್ರಿಂಗಿನ ವಾಹನಗಳೇ.

ಈ ವ್ಯವಸ್ಥೆಯ ದೋಷಗಳನ್ನು ಜೀಪಿನಲ್ಲಿ ಪ್ರಯಾಣಿಸಿದ ಯಾರೂ ಬಲ್ಲರು. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದು ಚಕ್ರವೂ ವಾಲುತ್ತದೆ. ಆಕ್ಸಲ್, ಡಿಫರೆನ್ಷಿಯಲ್, ಚಕ್ರ, ಬ್ರೇಕು ಇಷ್ಟೂ ಭಾರ ಸ್ಪ್ರಿಂಗಿನ ಕೆಳಗಿರುವುದರಿಂದ, ಉಬ್ಬುತಗ್ಗಿನ ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಚಕ್ರಗಳು ನೆಲವನ್ನು ಬಿಟ್ಟು ಕುಣಿಯುತ್ತವೆ. ನೆಲ ಬಿಟ್ಟ ಚಕ್ರ ಬ್ರೇಕಿಗೂ ಸ್ಟಿಯರಿಂಗಿಗೂ ವಿಧೇಯವಲ್ಲ.

ಗುಣಗಳೂ ಅಷ್ಟೇ ಸ್ಪಷ್ಟವಾಗಿವೆ. ಬಂಡೆಯೊಂದು ಒಂದು ಚಕ್ರವನ್ನು ಮೇಲೆತ್ತಿದಾಗ ಆಕ್ಸಲ್ ತಕ್ಕಡಿಯ ದಂಡಿಗೆಯಂತೆ ವಾಲಿ, ಎದುರು ಬದಿಯ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಡಿಫರೆನ್ಷಿಯಲ್ ಚಕ್ರಗಳೊಡನೆಯೇ ಏರಿಳಿಯುವುದರಿಂದ, ಎಷ್ಟೇ ಭಾರ ಹೇರಿದರೂ ಅದರ ಅಡಿಯಿಂದ ನೆಲಕ್ಕಿರುವ ಅಂತರ ಬಹುಮಟ್ಟಿಗೆ ಬದಲಾಗದು. ಬಿಡಿಭಾಗಗಳು ಕಡಿಮೆ, ಪಟ್ಟಿಯೊಂದು ಮುರಿದರೆ ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬದಲಿಸಿಕೊಡಬಲ್ಲ. ಮಲೆನಾಡಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಬಹುಕಾಲ ದುಡಿದದ್ದರ ಹಿಂದೆ ಈ ಸರಳತೆಯಿದೆ. ಗೊಬ್ಬರದ ಮೂಟೆ ಹೇರಿಕೊಂಡು ಮೊದಲ ಗಿಯರಿನಲ್ಲಿ ಏರು ಹತ್ತುವ ವಾಹನಕ್ಕೆ ಹೆದ್ದಾರಿಯ ನಯ ಅಷ್ಟಾಗಿ ಬೇಕಾಗುವುದಿಲ್ಲ.

ಹಿನ್ನೆಲೆ

ಸ್ವತಂತ್ರ ಸಸ್ಪೆನ್ಷನ್ ಇತ್ತೀಚಿನ ಆವಿಷ್ಕಾರವೆಂಬ ಭಾವನೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಎರಡನೆಯ ಮಹಾಯುದ್ಧದ ಜರ್ಮನ್ ಸೇನೆಯ ಕ್ಯೂಬಲ್‌ವಾಗನ್‌ನಲ್ಲಿ ನಾಲ್ಕೂ ಚಕ್ರಗಳು ಸ್ವತಂತ್ರವಾಗಿದ್ದವು. 1950ರ ದಶಕದಲ್ಲಿ ಬ್ರಿಟಿಷ್ ಸೇನೆ ಬಳಸಿದ ಆಸ್ಟಿನ್ ಚಾಂಪ್ ವಾಹನಕ್ಕೂ ತಿರುಚು ಸರಳುಗಳ ಸ್ವತಂತ್ರ ಸಸ್ಪೆನ್ಷನ್ ಇತ್ತು. ಒರಟು ನೆಲದಲ್ಲಿ ಅದು ವೇಗವಾಗಿ ಓಡುತ್ತಿತ್ತು. ಆದರೆ ದುಬಾರಿಯಾಗಿತ್ತು, ಜಟಿಲವಾಗಿತ್ತು. ಸೇನೆ ಕಡೆಗೆ ಅಗ್ಗವೂ ಸರಳವೂ ಆದ ಲ್ಯಾಂಡ್ ರೋವರನ್ನೇ ನೆಚ್ಚಿಕೊಂಡಿತು.

ಅಮೆರಿಕದ ಸೇನೆಗಾಗಿ ಫೋರ್ಡ್ ಸಂಸ್ಥೆ ರೂಪಿಸಿದ ಎಂ151 ವಾಹನದ ಕಥೆ ಇನ್ನೂ ಗಂಭೀರವಾದುದು. ಈ ಮಾರ್ಪಾಡನ್ನು ಯೋಚಿಸುವವರೆಲ್ಲ ತಿಳಿದಿರಬೇಕಾದುದು. ವಿಲ್ಲೀಸ್ ವಂಶದ ಜೀಪುಗಳ ಸ್ಥಾನಕ್ಕೆ ಬಂದ ಈ ವಾಹನದ ನಾಲ್ಕೂ ಚಕ್ರಗಳು ಸ್ವತಂತ್ರವಾಗಿದ್ದವು. ಅದರ ಹಿಂದಿನ ಚಕ್ರಗಳ ತೋಳುಗಳು ಬಾಗಿಲಿನ ರೆಕ್ಕೆಯಂತೆ ಒಳಬದಿಯ ಕೀಲಿನ ಸುತ್ತ ತೂಗುತ್ತಿದ್ದವು. ವೇಗದ ತಿರುವಿನಲ್ಲಿ ಹಿಂಭಾಗ ಮೇಲೆದ್ದಾಗ ಹೊರಬದಿಯ ಚಕ್ರ ಒಳಕ್ಕೆ ಮಡಚಿಕೊಂಡು, ವಾಹನ ಥಟ್ಟನೆ ಮಗುಚಿಬೀಳುತ್ತಿತ್ತು. ಹಳೆಯ ಜೀಪು ಕುಲುಕಾಡಿ ಚಾಲಕನಿಗೆ ಮುನ್ಸೂಚನೆ ಕೊಡುತ್ತಿದ್ದರೆ, ಇದರ ನಯವಾದ ಓಟ ಅಪಾಯವನ್ನು ಮರೆಮಾಚುತ್ತಿತ್ತು. 1970ರ ಎಂ151ಎ2 ಮಾದರಿಯಲ್ಲಿ ಹಿಂದಿನ ಸಸ್ಪೆನ್ಷನ್ನಿನ ವಿನ್ಯಾಸವನ್ನೇ ಬದಲಿಸಲಾಯಿತು. ಮುಂದೆ ಉರುಳುರಕ್ಷಕ ಚೌಕಟ್ಟುಗಳನ್ನೂ ಜೋಡಿಸಲಾಯಿತು. ಸೇವೆಯಿಂದ ನಿವೃತ್ತವಾದ ಬಹುಪಾಲು ವಾಹನಗಳನ್ನು ಸಾರ್ವಜನಿಕರಿಗೆ ಇಡಿಯಾಗಿ ಮಾರದೆ ತುಂಡರಿಸಲಾಯಿತು.

ಮುಂದಿನ ದಶಕಗಳಲ್ಲಿ ತಯಾರಕರು ಒಬ್ಬೊಬ್ಬರಾಗಿ ಸ್ವತಂತ್ರ ವ್ಯವಸ್ಥೆಯತ್ತ ಸರಿದರು. 1979ರಿಂದ ಅಖಂಡ ಆಕ್ಸಲ್‌ಗಳನ್ನು ಬಿಡದಿದ್ದ ಮರ್ಸಿಡಿಸ್ ಜಿ-ಕ್ಲಾಸ್ 2018ರಲ್ಲಿ ಮುಂಭಾಗದಲ್ಲಿ ಅದನ್ನು ಕೈಬಿಟ್ಟಿತು. 2020ರ ಲ್ಯಾಂಡ್ ರೋವರ್ ಡಿಫೆಂಡರ್‌ನಲ್ಲಿ ನಾಲ್ಕೂ ಚಕ್ರಗಳು ಸ್ವತಂತ್ರ. ಅದೇ ವರ್ಷದ ಮಹೀಂದ್ರಾ ಥಾರ್‌ನಲ್ಲಿ ಮುಂದಿನ ಚಕ್ರಗಳು ಸ್ವತಂತ್ರವಾಗಿದ್ದು, ಹಿಂದೆ ಅಖಂಡ ಆಕ್ಸಲ್ ಉಳಿದಿದೆ. ಜೀಪ್ ರ‍್ಯಾಂಗ್ಲರ್ ಮತ್ತು ಸುಜುಕಿ ಜಿಮ್ನಿಯಂತಹ ವಾಹನಗಳು ಎರಡೂ ಕಡೆ ಹಳೆಯ ಕ್ರಮವನ್ನೇ ಉಳಿಸಿಕೊಂಡಿವೆ. ಹೊಸ ವಾಹನಗಳ ಸುಖ ಕಂಡವರಿಗೆ ಮನೆಯ ಹಳೆಯ ವಾಹನವೂ ಹಾಗೆಯೇ ಓಡಲಿ ಎನ್ನಿಸುವುದು ಸಹಜ.

ಅಳವಡಿಕೆಯ ಕ್ರಮ

ಮಾರ್ಪಾಡಿಗೆ ಎರಡು ಮಾರ್ಗಗಳಿವೆ. ಮೊದಲನೆಯದು, ಸ್ವತಂತ್ರ ಸಸ್ಪೆನ್ಷನ್ನಿಗೆಂದೇ ರೂಪಿಸಿದ ಹೊಸ ಚಾಸಿಯನ್ನು ಕೊಂಡು, ಅದರ ಮೇಲೆ ಹಳೆಯ ದೇಹವನ್ನು ಕೂರಿಸುವುದು. ಅಮೆರಿಕದಲ್ಲಿ 1966–77ರ ಫೋರ್ಡ್ ಬ್ರಾಂಕೊಗಳಿಗೆ ಇಂತಹ ಚಾಸಿಗಳು ಸಿದ್ಧರೂಪದಲ್ಲಿ ದೊರೆಯುತ್ತವೆ. ಎರಡನೆಯದು, ಮೂಲ ಚಾಸಿಯನ್ನು ಕತ್ತರಿಸಿ, ಬೇರೊಂದು ವಾಹನದ ಮುಂಭಾಗದ ಜೋಡಣೆಯನ್ನು ಅದಕ್ಕೆ ಬೆಸೆಯುವುದು. ಖರ್ಚು ಕಡಿಮೆಯೆಂದು ಕಾಣುವುದು ಎರಡನೆಯದೇ ಆದರೂ ಅಪಾಯ ಅಡಗಿರುವುದೂ ಅದರಲ್ಲಿಯೇ.

ಹೆಚ್ಚಾಗಿ ಬಳಕೆಯಲ್ಲಿರುವುದು ಡಬಲ್ ವಿಶ್‌ಬೋನ್ ವಿನ್ಯಾಸ. ಇದರಲ್ಲಿ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ಕವೆಯಾಕಾರದ ತೋಳುಗಳು ಹಿಡಿದಿರುತ್ತವೆ. ಮೇಲಿನ ತೋಳು ಸಾಮಾನ್ಯವಾಗಿ ಗಿಡ್ಡ. ಚಕ್ರ ಮೇಲೇರಿದಂತೆ ಅದರ ತುದಿ ಕೊಂಚ ಒಳಕ್ಕೆ ವಾಲಿ, ತಿರುವಿನಲ್ಲಿ ಟೈರು ನೆಲಕ್ಕೆ ಸಪಾಟಾಗಿ ಕೂರುತ್ತದೆ. ಡಿಫರೆನ್ಷಿಯಲ್ ಚಾಸಿಗೆ ಕಚ್ಚಿಕೊಂಡಿದ್ದು, ಅದರಿಂದ ಚಕ್ರಗಳಿಗೆ ಎರಡೆರಡು ಕೀಲುಗಳುಳ್ಳ ಅರ್ಧದಂಡಗಳು ಶಕ್ತಿಯನ್ನು ಒಯ್ಯುತ್ತವೆ.

ತೊಡಕು ಆರಂಭವಾಗುವುದು ಈ ಅರ್ಧದಂಡಗಳಿಂದ. ಒಳಗಿನ ಕೀಲುಗಳು ಸಾಮಾನ್ಯವಾಗಿ ಸುಮಾರು 20ರಿಂದ 25 ಡಿಗ್ರಿಯವರೆಗೆ ಮಾತ್ರ ಬಾಗಬಲ್ಲವು. ಕೀಲಿನಿಂದ ಕೀಲಿಗೆ 60 ಸೆಂ.ಮೀ. ಉದ್ದದ ದಂಡವು 20 ಡಿಗ್ರಿ ಬಾಗಿದರೆ ಚಕ್ರ ಸುಮಾರು 20 ಸೆಂ.ಮೀ. ಏರುತ್ತದೆ, ದಂಡ 40 ಸೆಂ.ಮೀ. ಇದ್ದರೆ 14 ಸೆಂ.ಮೀ.ಗಿಂತ ಕಡಿಮೆ. ತ್ರಿಕೋನಮಿತಿ ಕಲಿತ ವಿದ್ಯಾರ್ಥಿಗಳು ಸೈನ್ ಕೋಷ್ಟಕದಿಂದಲೇ ಇದನ್ನು ಪರೀಕ್ಷಿಸಿಕೊಳ್ಳಬಹುದು. ಹಳೆಯ ಜೀಪಿನ ಎಡಬಲ ಚಕ್ರಗಳ ನಡುವಿನ ಅಂತರ ಸುಮಾರು ಒಂದೂಕಾಲು ಮೀಟರ್ ಮಾತ್ರ. ಅಷ್ಟು ಕಿರಿದಾದ ಜಾಗದಲ್ಲಿ ದಂಡಗಳೂ ತೋಳುಗಳೂ ಗಿಡ್ಡವಾಗುತ್ತವೆ, ಚಕ್ರದ ಚಲನೆ ಕುಗ್ಗುತ್ತದೆ. ಚಲನೆ ಬೇಕೆಂದರೆ ವಾಹನವನ್ನು ಅಗಲ ಮಾಡಬೇಕು. ಆಗ ಟೈರುಗಳು ದೇಹದಿಂದ ಹೊರಚಾಚುತ್ತವೆ.

ಬಲ ಬೀಳುವ ಜಾಗದ ಬದಲಾವಣೆ ಇನ್ನೊಂದು ಸಮಸ್ಯೆ. ಲೀಫ್ ಸ್ಪ್ರಿಂಗು ತನ್ನ ಎರಡು ತುದಿಗಳ ಮೂಲಕ ವಾಹನದ ಭಾರವನ್ನು ಚಾಸಿಯ ದೂರದೂರದ ಎರಡು ಬಿಂದುಗಳಿಗೆ ಹಂಚುತ್ತದೆ. ಸ್ವತಂತ್ರ ಸಸ್ಪೆನ್ಷನ್ನಿನಲ್ಲಿ ತೋಳುಗಳ ಕೀಲುಗಳೂ ಸ್ಪ್ರಿಂಗಿನ ಮೇಲ್ತುದಿಯೂ ಚಾಸಿಯ ಒಂದು ಗಿಡ್ಡ ಭಾಗದಲ್ಲಿಯೇ ಒತ್ತಡವನ್ನು ಕೇಂದ್ರೀಕರಿಸುತ್ತವೆ. ತೆಳುವಾದ, ತುಕ್ಕು ತಿಂದ ಹಳೆಯ ಚಾಸಿ ಅದಕ್ಕೆಂದು ಕಟ್ಟಿದ್ದಲ್ಲ. ಅಡ್ಡತೊಲೆ ಕೊಟ್ಟು, ಚಾಸಿಯ ತೆರೆದ ಬದಿಯನ್ನು ಉಕ್ಕಿನ ತಗಡಿನಿಂದ ಮುಚ್ಚಿ ಪೆಟ್ಟಿಗೆಯಂತೆ ಮಾಡಿ ಬಲಪಡಿಸದಿದ್ದರೆ ಬೆಸುಗೆಯ ಅಂಚಿನಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಬಿರುಕು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಬಣ್ಣದ ಅಡಿಯಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ.

ಸ್ಟಿಯರಿಂಗನ್ನೂ ಬದಲಿಸಬೇಕಾಗುತ್ತದೆ. ಸ್ಟಿಯರಿಂಗ್ ಸರಳುಗಳ ಚಲನೆಯ ಚಾಪ ತೋಳುಗಳ ಚಾಪಕ್ಕೆ ಹೊಂದದಿದ್ದರೆ, ಚಾಲಕ ಚಕ್ರವನ್ನು ನೇರವಾಗಿ ಹಿಡಿದಿದ್ದರೂ ಪ್ರತಿ ಉಬ್ಬಿನಲ್ಲಿ ವಾಹನ ತಾನೇ ಪಕ್ಕಕ್ಕೆ ಎಳೆಯುತ್ತದೆ.

ಫಲಿತಾಂಶ

ಲೆಕ್ಕಾಚಾರದಿಂದ ಮಾಡಿದ ಅಳವಡಿಕೆಯಲ್ಲಿ ಹೆದ್ದಾರಿಯ ಸ್ಥಿರತೆ, ಬ್ರೇಕಿನ ಹಿಡಿತ, ಪ್ರಯಾಣಿಕರ ಸುಖ ಮೂರೂ ಹೆಚ್ಚುತ್ತವೆ. ಜಲ್ಲಿ ರಸ್ತೆಯ ಮತ್ತು ಮರಳುಗಾಡಿನ ವೇಗದ ಓಟಕ್ಕೂ ಇದು ಮೇಲು. ಬಂಡೆಗಳ ನಡುವಿನ ನಿಧಾನ ಚಾಲನೆಯಲ್ಲಿ ಮಾತ್ರ ಚಕ್ರಗಳು ಬೇಗ ಗಾಳಿಯಲ್ಲಿ ತೇಲುತ್ತವೆ. ಭಾರ ಹೇರಿದಾಗ ಅಥವಾ ಉಬ್ಬಿಗೆ ಬಡಿದಾಗ ಡಿಫರೆನ್ಷಿಯಲ್ ದೇಹದೊಡನೆ ಕೆಳಗಿಳಿದು ನೆಲಕ್ಕೆ ಹತ್ತಿರವಾಗುತ್ತದೆ. ಅಮೆರಿಕ ಸೇನೆಯ ಹಮ್ವೀ ವಾಹನದಲ್ಲಿ ಚಕ್ರಗಳ ಬಳಿ ಹೆಚ್ಚುವರಿ ಗಿಯರುಗಳನ್ನಿಟ್ಟು ಅರ್ಧದಂಡಗಳನ್ನು ಮೇಲಕ್ಕೆತ್ತುವ ಮೂಲಕ ಈ ಕೊರತೆಯನ್ನು ನೀಗಿಸಲಾಗಿದೆ. ಅದು ಹವ್ಯಾಸಿಗಳ ಕೈಗೆಟಕುವ ಉಪಾಯವಲ್ಲ.

ಬಹಳಷ್ಟು ಮಾಲೀಕರಿಗೆ ನಡುದಾರಿಯೇ ಸಾಕಾಗುತ್ತದೆ. ಅಖಂಡ ಆಕ್ಸಲನ್ನು ಉಳಿಸಿಕೊಂಡು ಲೀಫ್ ಸ್ಪ್ರಿಂಗಿನ ಬದಲು ಸುರುಳಿ ಸ್ಪ್ರಿಂಗುಗಳನ್ನು ಹಾಕುವುದು ಅಂತಹ ಒಂದು ದಾರಿ. 1970ರ ರೇಂಜ್ ರೋವರ್ ಇದೇ ಸೂತ್ರದಿಂದ ಹೆಸರಾಯಿತು. 1983ರಿಂದ ಲ್ಯಾಂಡ್ ರೋವರ್ ಒನ್ ಟೆನ್ ಕೂಡ ಅದನ್ನು ಅನುಸರಿಸಿತು. ಸವೆದ ಬುಷ್‌ಗಳನ್ನು ಬದಲಿಸಿ, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಅರ್ಧ ದೂರು ಅಲ್ಲಿಗೇ ಮುಗಿಯುವುದೂ ಉಂಟು.

ಕಾನೂನು

ಭಾರತದ ಮೋಟಾರು ವಾಹನ ಕಾಯ್ದೆ, 1988ರ 52ನೆಯ ವಿಧಿಯು ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಧಿಯನ್ನು ಕಟ್ಟುನಿಟ್ಟಾಗಿ ಅರ್ಥೈಸಿತು. ಚಾಸಿಯನ್ನು ಕತ್ತರಿಸಿ ಬೆಸೆದ ಜೀಪನ್ನು ಸಾರ್ವಜನಿಕ ರಸ್ತೆಗೆ ತರುವವರು ಇದನ್ನು ಮೊದಲೇ ಗಮನಿಸಬೇಕು.

ಬ್ರಿಟನ್ನಿನಲ್ಲಿ ಗಣನೀಯವಾಗಿ ಮಾರ್ಪಡಿಸಿದ ವಾಹನಗಳಿಗೆ 2025ರವರೆಗೆ ಅಂಕ ಪದ್ಧತಿಯಿತ್ತು. ಮೂಲ ನೋಂದಣಿ ಉಳಿಯಲು 8 ಅಂಕ ಬೇಕಿತ್ತು. ಮಾರ್ಪಡಿಸದ ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಸ್ಟಿಯರಿಂಗ್, ಗಿಯರ್ ವ್ಯವಸ್ಥೆಗಳಿಗೆ ತಲಾ 2, ಇಂಜಿನಿಗೆ 1 ಅಂಕ ಸಿಗುತ್ತಿತ್ತು. ಸಸ್ಪೆನ್ಷನ್, ಆಕ್ಸಲ್, ಸ್ಟಿಯರಿಂಗ್ ಮೂರನ್ನೂ ಬದಲಿಸಿದ ಹಳೆಯ ಲ್ಯಾಂಡ್ ರೋವರಿಗೆ ಸರಿಯಾಗಿ 8 ಅಂಕಗಳು ಉಳಿಯುತ್ತಿದ್ದವು. ಚಾಸಿಗೆ ಕತ್ತರಿ ಬಿದ್ದರೆ ಅದೂ ಇರುತ್ತಿರಲಿಲ್ಲ.

ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮವು 50 ವರ್ಷ ಮೀರಿದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಒದಗಿಸಿದೆ. ವಾಹನ ಮೂಲರೂಪದಲ್ಲಿದ್ದು, ಚಾಸಿ, ದೇಹ ಅಥವಾ ಇಂಜಿನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಹೀಗಾಗಿ 1960ರ ದಶಕದ ಜೀಪೊಂದರ ಚಾಸಿಯನ್ನು ಬದಲಿಸಿ ಸ್ವತಂತ್ರ ಸಸ್ಪೆನ್ಷನ್ ಅಳವಡಿಸಿದರೆ, ಅದು ಈ ನೋಂದಣಿಯ ಅರ್ಹತೆಯನ್ನು ಕಳೆದುಕೊಳ್ಳುತ್ತದೆ.