ಗಿಮ್ಲಿಯಲ್ಲಿ ಇಳಿದ ವಿಮಾನ

1983ರ ಜುಲೈ 23ರ ಸಂಜೆ. ಕೆನಡಾ ದೇಶದ ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟಿದ್ದ ಏರ್ ಕೆನಡಾ ಸಂಸ್ಥೆಯ ಬೋಯಿಂಗ್ 767 ವಿಮಾನವು 41,000 ಅಡಿ ಎತ್ತರದಲ್ಲಿದ್ದಾಗ ಇಂಧನದ ಒತ್ತಡ ಕುಸಿದಿದೆಯೆಂಬ ಎಚ್ಚರಿಕೆ ಮೊಳಗಿತು. ಕೆಲವೇ ನಿಮಿಷಗಳಲ್ಲಿ ಎಂಜಿನುಗಳೆರಡೂ ಒಂದರ ಹಿಂದೊಂದು ನಿಂತವು. ಎಂಜಿನುಗಳು ಕೆಟ್ಟಿರಲಿಲ್ಲ, ಎಣ್ಣೆ ಮುಗಿದಿತ್ತು. ಒಳಗಿದ್ದವರು 69 ಮಂದಿ.

ಜಗತ್ತಿನ ಅತ್ಯಾಧುನಿಕ ವಿಮಾನಗಳಲ್ಲೊಂದು ನಡು ಆಕಾಶದಲ್ಲಿ ಬರಿದಾದದ್ದು ಹೇಗೆ? ನಾನು ಭಾಷೆಯ ವಿದ್ಯಾರ್ಥಿ, ವಿಮಾನಶಾಸ್ತ್ರ ನನ್ನದಲ್ಲ. ಆದರೂ ಈ ಪ್ರಸಂಗ ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದಕ್ಕೆ ಕಾರಣ, ಇದರ ಮೂಲದಲ್ಲಿರುವುದೂ ಒಂದು ಅರ್ಥದಲ್ಲಿ ಭಾಷೆಯ ತೊಡಕೇ ಎಂಬುದು.

ಇಂಧನವನ್ನು ತೋರಿಸುವ ಮಾಪಕ ಅಂದು ಕೆಟ್ಟಿತ್ತು. ಹಾಗಾಗಿ ಅಳತೆಕಡ್ಡಿಯಿಂದ ನೋಡಿದರು. ಟ್ಯಾಂಕುಗಳಲ್ಲಿ 7,682 ಲೀಟರು ಇತ್ತು. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋಗ್ರಾಂ. ಲೀಟರನ್ನು ತೂಕಕ್ಕೆ ತಿರುಗಿಸಬೇಕಲ್ಲ, ಅದಕ್ಕೆ ಬಳಸಿದ ಗುಣಕ 1.77. ಅದು ಒಂದು ಲೀಟರಿನ ತೂಕವೇನೋ ಹೌದು; ಆದರೆ ಪೌಂಡುಗಳಲ್ಲಿ! ಕಿಲೋಗ್ರಾಂ ಲೆಕ್ಕದಲ್ಲಿ ಅದು ಸುಮಾರು 0.8 ಮಾತ್ರ. ಸುಮಾರು 20,000 ಲೀಟರು ತುಂಬಿಸಬೇಕಾದಲ್ಲಿ 5,000 ಲೀಟರಿಗೂ ಕಡಿಮೆ ತುಂಬಿಸಿದರು. ಒಟ್ಟಾವಾದಲ್ಲಿ ಮತ್ತೊಮ್ಮೆ ಅಳೆದರು. ಗುಣಿಸಿದ್ದು ಮತ್ತೆ ಅದೇ 1.77ರಿಂದ.

ಕೆನಡಾ ಆಗ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿತ್ತು. ಆ ಸಂಸ್ಥೆಯ ಉಳಿದ ವಿಮಾನಗಳ ಲೆಕ್ಕ ಪೌಂಡಿನಲ್ಲಿ, ಹೊಸ 767ರದು ಮಾತ್ರ ಕಿಲೋಗ್ರಾಂನಲ್ಲಿ. ಹಿಂದೆ ಈ ಲೆಕ್ಕ ನೋಡಿಕೊಳ್ಳುತ್ತಿದ್ದ ಫ್ಲೈಟ್ ಎಂಜಿನಿಯರ್ ಎಂಬವನ ಹುದ್ದೆ ಹೊಸ ವಿಮಾನದಲ್ಲಿ ಇರಲೇ ಇಲ್ಲ. ಕಚ್ಚಾ ಸೇರು, ಪಕ್ಕಾ ಸೇರುಗಳ ನಡುವೆ ಬೆಳೆದು, 1957ರಲ್ಲಿ ಆಣೆಯ ಬದಲು ನಯಾ ಪೈಸೆ ಬಂದಾಗ ಅಂಗಡಿಯ ಮುಂದೆ ನಡೆದ ಜಗಳಗಳನ್ನು ಕೇಳಿಬಲ್ಲ ನಮಗೆ ಇದು ತೀರ ಅಪರಿಚಿತವೇನಲ್ಲ. ನಮ್ಮ ಜಗಳ ಕಾಸಿನದಾಗಿತ್ತು, ಅಷ್ಟೆ.

ಎಂಜಿನುಗಳು ನಿಂತೊಡನೆ ವಿದ್ಯುತ್ತೂ ಹೋಗಿ, ಚಾಲಕರ ಮುಂದಿನ ಪರದೆಗಳು ಕಪ್ಪಾದವು. ಗಾಳಿಯ ಹೊಡೆತಕ್ಕೆ ತಿರುಗುವ ಸಣ್ಣ ಚಕ್ರವೊಂದು ವಿಮಾನದ ಹೊಟ್ಟೆಯಿಂದ ಹೊರಬಂದು ಅದನ್ನು ತಿರುಗಿಸಿ ಇಳಿಸುವಷ್ಟು ಬಲ ಕೊಟ್ಟಿತು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನಲ್ಲಿ ಎಂಜಿನಿಲ್ಲದ ಗ್ಲೈಡರ್‌ಗಳನ್ನು ಹಾರಿಸುತ್ತಿದ್ದವರು. ಸಹಚಾಲಕ ಮಾರಿಸ್ ಕ್ವಿಂಟಾಲ್‌ಗೆ ತಾವು ಹಿಂದೆ ಸೇವೆಯಲ್ಲಿದ್ದ ಗಿಮ್ಲಿಯ ವಾಯುಪಡೆಯ ಹಳೆಯ ನೆಲೆ ನೆನಪಾಯಿತು. ವಿನಿಪೆಗ್ ನಗರ ತಲಪುವಷ್ಟು ಎತ್ತರ ಉಳಿದಿರಲಿಲ್ಲ.

ಗಿಮ್ಲಿ ವಿನಿಪೆಗ್ ಸರೋವರದ ದಂಡೆಯ ಊರು, 1875ರಲ್ಲಿ ಐಸ್‌ಲ್ಯಾಂಡಿನಿಂದ ವಲಸೆ ಬಂದವರು ನೆಲೆಸಿದ್ದು. ನಾರ್ಸ್ ಪುರಾಣದಲ್ಲಿ ಪ್ರಳಯದ ಬಳಿಕ ಬದುಕುಳಿದ ಸಜ್ಜನರು ಸೇರುವ ತಾಣಕ್ಕೆ ಆ ಹೆಸರು. ಕವಿಯೊಬ್ಬ ಹೀಗೆ ಕಲ್ಪಿಸಿದ್ದರೆ ವಿಮರ್ಶಕರು ಅತಿಯಾಯಿತೆನ್ನುತ್ತಿದ್ದರು.

ಆ ರನ್‌ವೇಯ ಒಂದು ಭಾಗ ಕಾರುಗಳ ಪಂದ್ಯದ ಹಾದಿಯಾಗಿದ್ದುದು ಚಾಲಕರಿಗೆ ತಿಳಿಯದು. ಅಂದು ಅಲ್ಲಿ ಜನ ಸೇರಿದ್ದರು, ಹುಡುಗರು ಸೈಕಲ್ ತುಳಿಯುತ್ತಿದ್ದರು. ಎಂಜಿನುಗಳು ನಿಂತಿದ್ದರಿಂದ ಮುನ್ಸೂಚನೆಯ ಸದ್ದೂ ಇಲ್ಲ. ಎತ್ತರ ಹೆಚ್ಚಾಯಿತೆಂದು ಪಿಯರ್ಸನ್ ಗ್ಲೈಡರಿನ ಉಪಾಯದಂತೆ ವಿಮಾನವನ್ನು ಓರೆಯಾಗಿ ಜಾರಿಸಿ ಇಳಿಸಿದರು. ಸರಿಯಾಗಿ ಕೂರದ ಮುಂಗಾಲು ಕುಸಿದು ಮೂಗು ನೆಲಕ್ಕೆ ಉಜ್ಜಿತು; ಆ ಉಜ್ಜುವಿಕೆಯೂ ವಿಮಾನವನ್ನು ತಡೆದು ನಿಲ್ಲಿಸಿತು. ಕೆಲವರಿಗೆ ಸಣ್ಣಪುಟ್ಟ ಗಾಯಗಳಾದವು, ಸಾವು ಒಂದೂ ಇಲ್ಲ.

ಸಂಸ್ಥೆ ಮೊದಲು ಮಾಡಿದ್ದೇನು? ಪಿಯರ್ಸನ್‌ರಿಗೆ ಹಿಂಬಡ್ತಿ, ಕ್ವಿಂಟಾಲ್‌ರಿಗೆ ಅಮಾನತು. ನನಗೆ ಇದು ಅನ್ಯಾಯವೆನಿಸುತ್ತದೆ. ನ್ಯಾಯಮೂರ್ತಿ ಲಾಕ್‌ವುಡ್ ಅವರ ವಿಚಾರಣೆಯು ಸಂಸ್ಥೆಯ ತರಬೇತಿ ಮತ್ತು ವ್ಯವಸ್ಥೆಗಳಲ್ಲಿನ ದೋಷಗಳನ್ನು ಎತ್ತಿ ತೋರಿಸಿತು. 1985ರಲ್ಲಿ ಅಂತರರಾಷ್ಟ್ರೀಯ ವಾಯುಯಾನ ಒಕ್ಕೂಟ ಈ ಇಬ್ಬರನ್ನೂ ಗೌರವಿಸಿತು. ವಿಮಾನವಂತೂ ದುರಸ್ತಿಯಾಗಿ, ಜನರನ್ನು ಹೊತ್ತು 2008ರ ಜನವರಿಯವರೆಗೆ ಹಾರುತ್ತಲೇ ಇತ್ತು.