ಗ್ಲೈಡರ್ ಇಳಿಕೆಯ ಅಪಘಾತಗಳು ಮತ್ತು ಸುರಕ್ಷತೆಯ ಪಾಠಗಳು

ಗ್ಲೈಡರ್ ಎಂಜಿನ್ ಇಲ್ಲದೆ ಹಾರುವ ವಿಮಾನ. ಇಳಿಯುವಾಗ ಲೆಕ್ಕ ತಪ್ಪಿದರೆ ಮತ್ತೆ ಮೇಲೇರಿ ಇನ್ನೊಂದು ಸುತ್ತು ಬರುವ ಅವಕಾಶ ಅದಕ್ಕಿಲ್ಲ. ಉಳಿದಿರುವ ಎತ್ತರ ಮತ್ತು ವೇಗಗಳಷ್ಟೇ ಅದರ ಬಂಡವಾಳ. ಹಾಗಾಗಿ ಇಳಿಕೆಯ ಅಪಘಾತದ ಕಾರಣವನ್ನು ನೆಲಕ್ಕೆ ಬಡಿದ ಕ್ಷಣದಲ್ಲಿ ಹುಡುಕಿದರೆ ಸಾಲದು, ಆ ಬಂಡವಾಳ ಎಲ್ಲಿ ಕರಗಿತೆಂದು ಹಿಂದಕ್ಕೆ ಹೋಗಿ ನೋಡಬೇಕು. ಜರ್ಮನಿಯ ಓಟೋ ಲಿಲಿಯೆಂತಾಲ್ 1896ರ ಆಗಸ್ಟ್ 9ರಂದು ಗ್ಲೈಡರ್ ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಬಿದ್ದು ಮರುದಿನ ತೀರಿಕೊಂಡರು. ಆ ಸಾವು ರೈಟ್ ಸಹೋದರರನ್ನು ನಿಯಂತ್ರಣದ ಪ್ರಶ್ನೆಗೆ ಕಟ್ಟಿಹಾಕಿತು. 1902ರಲ್ಲಿ ಕಿಲ್ ಡೆವಿಲ್ ಹಿಲ್ಸ್‌ನಲ್ಲಿ ಅವರದೇ ಗ್ಲೈಡರ್ ತಿರುವಿನಲ್ಲಿ ಒಂದು ಪಕ್ಕಕ್ಕೆ ಜಾರಿ, ತಗ್ಗಿದ ರೆಕ್ಕೆ ಮರಳಿಗೆ ಬಡಿಯತೊಡಗಿತು. ಹಾರಿಸಿದವರ ಕೈಚಳಕ ಸಾಲದೆಂದು ಅವರು ಕೈಬಿಡಲಿಲ್ಲ. ಜಾರುವಾಗ ಪಕ್ಕದಿಂದ ಬೀಸಿದ ಗಾಳಿ ಅಲುಗದ ಬಾಲವನ್ನು ತಳ್ಳಿ, ಯಂತ್ರವನ್ನು ತಗ್ಗಿದ ರೆಕ್ಕೆಯ ಕಡೆಗೇ ತಿರುಗಿಸುತ್ತಿದೆಯೆಂದು ಕಂಡುಕೊಂಡರು. ಆರ್ವಿಲ್ ಆ ಬಾಲದ ಬದಲು ತಿರುಗುವ ರಡ್ಡರ್ ಸೂಚಿಸಿದರು, ವಿಲ್ಬರ್ ಅದನ್ನು ರೆಕ್ಕೆ ತಿರುಚುವ ತಂತಿಗಳಿಗೆ ಜೋಡಿಸಿದರು. ಮರುವರ್ಷದ ಎಂಜಿನ್ ವಿಮಾನ ಹುಟ್ಟಿದ್ದು ಈ ತಿದ್ದುಪಡಿಯ ಮೇಲೆಯೇ.

ಅದೇ ಬಗೆಯ ವಿಚಾರಣೆ ಇಂದಿನ ಗ್ಲೈಡಿಂಗ್ ಕ್ಲಬ್ಬುಗಳಿಗೂ ಬೇಕು. ಎತ್ತರ ಕಳೆದುಕೊಂಡು ರನ್‌ವೇ ಕಡೆ ಕೊನೆಯ ತಿರುವು ಹಾಕುವ ಪೈಲಟ್, ನೆಲ ಹತ್ತಿರವಿದೆಯೆಂಬ ಭಯಕ್ಕೆ ರೆಕ್ಕೆಯನ್ನು ಸಾಕಷ್ಟು ವಾಲಿಸದೆ ರಡ್ಡರ್ ಒತ್ತುತ್ತಾನೆ; ಮೂಗೆತ್ತಿ ವೇಗವನ್ನೂ ಕಳೆಯುತ್ತಾನೆ. ಒಳರೆಕ್ಕೆ ಸ್ಟಾಲ್ ಆಗಿ ಗ್ಲೈಡರ್ ಸ್ಪಿನ್‌ಗೆ ಬಿದ್ದು ಸುತ್ತುತ್ತ ಕೆಳಗಿಳಿದರೆ ಚೇತರಿಸಿಕೊಳ್ಳಲು ಎತ್ತರವಿರುವುದಿಲ್ಲ. ಸಮತಲ ತಿರುವಿನಲ್ಲಿ 45 ಡಿಗ್ರಿ ವಾಲಿದರೆ ಸ್ಟಾಲ್ ವೇಗ ಸುಮಾರು ಶೇಕಡಾ 19ರಷ್ಟು ಏರುತ್ತದೆ. ನೆಲದ ಹತ್ತಿರ ಎದುರುಗಾಳಿ ಕುಗ್ಗಿದಾಗ ರೆಕ್ಕೆಗೆ ತಾಗುವ ಗಾಳಿಯ ವೇಗವೂ ಇಳಿಯುತ್ತದೆ. ಎರಡೂ ಮೊದಲೇ ಗೊತ್ತಿರುವ ಸಂಗತಿಗಳು. ಆದ್ದರಿಂದ ಪಾಠ ಸ್ಪಿನ್‌ನಿಂದ ಹೊರಬರುವುದಕ್ಕಿಂತ ಹೆಚ್ಚಾಗಿ, ಇಳಿಯುವ ಜಾಗವನ್ನು ಎತ್ತರವಿರುವಾಗಲೇ ಆರಿಸುವುದರಲ್ಲಿ, ಗಾಳಿಗೆ ತಕ್ಕಷ್ಟು ಹೆಚ್ಚುವರಿ ವೇಗ ಇಟ್ಟುಕೊಳ್ಳುವುದರಲ್ಲಿ ಇದೆ.

ಇಷ್ಟೆಲ್ಲ ಏಕೆ, ತಪ್ಪು ಪೈಲಟ್‌ನದೇ ಅಲ್ಲವೇ ಎಂಬ ಆಕ್ಷೇಪವಿದೆ. ತಪ್ಪು ಅವನದೇ ಇರಬಹುದು, ಆದರೆ ಆ ಉತ್ತರದಿಂದ ಮುಂದಿನ ಪೈಲಟ್‌ಗೆ ಏನೂ ಸಿಗುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 13ನೇ ಅನುಬಂಧವೂ ತನಿಖೆಯ ಉದ್ದೇಶ ಅಪಘಾತ ತಡೆಯುವುದು, ದೋಷ ಹೊರಿಸುವುದಲ್ಲ ಎನ್ನುತ್ತದೆ. ನಡೆದುಹೋದ ಮೇಲೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಇದಕ್ಕಿಂತ ತೂಕದ ಆಕ್ಷೇಪ. ಅದನ್ನು ಒಪ್ಪಲೇಬೇಕು, ಪೈಲಟ್‌ಗೆ ಆ ಹೊತ್ತಿನಲ್ಲಿ ಏನು ಕಾಣುತ್ತಿತ್ತು ಎಂಬುದನ್ನೇ ತನಿಖೆ ಕೇಳಬೇಕು. ಕೂದಲೆಳೆಯಲ್ಲಿ ಅಪಘಾತ ತಪ್ಪಿದ ಇಳಿಕೆಗಳನ್ನೂ, ಶಿಕ್ಷೆಯ ಹೆದರಿಕೆಯಿಲ್ಲದೆ ಪೈಲಟ್‌ಗಳು ವರದಿ ಮಾಡುವಂತಾಗಬೇಕು. ಗಾಯವಾಗದ ಇಳಿಕೆಯನ್ನು ಸುರಕ್ಷಿತ ಇಳಿಕೆಯೆಂದು ದಾಖಲಿಸುವ ರೂಢಿಯನ್ನು ಕ್ಲಬ್ಬುಗಳು ಬಿಡಬೇಕು.